ಮ್ಯಾನ್ಯುಯಲ್ ಗೇರೋ, ಎಎಂಟಿಯೋ: ನಮ್ಮ ಮನೆಯ ಎರಡು ಕಾರುಗಳ ಮೈಲೇಜು

ನಮ್ಮ ಮನೆಯಲ್ಲಿ ಒಂದೇ ಮಾದರಿಯ ಎರಡು ಕಾರುಗಳಿವೆ. ಎರಡರದ್ದೂ ಅದೇ 1.2 ಲೀಟರ್ ಪೆಟ್ರೋಲ್ ಎಂಜಿನ್, ಅದೇ ಅಳತೆಯ ಟೈರು. ನನ್ನದು ಐದು ಗೇರಿನ ಮ್ಯಾನ್ಯುಯಲ್, ತಂಗಿಯದು ಎಎಂಟಿ, ಅಂದರೆ ಗೇರನ್ನು ತಾನೇ ಬದಲಿಸಿಕೊಳ್ಳುವ ಆಟೋಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್. ಕೊಳ್ಳುವಾಗ ಎಎಂಟಿಗೆ ಸುಮಾರು ಐವತ್ತು ಸಾವಿರ ಹೆಚ್ಚು ಕೊಡಬೇಕಾದ್ದರಿಂದ ನಾನು ಹಿಂದೆ ಸರಿದೆ, ಬೆಂಗಳೂರಿನ ಟ್ರಾಫಿಕ್ಕಿಗೆ ಕ್ಲಚ್ ಒತ್ತಿ ಸಾಕಾದ ತಂಗಿ ಕೊಟ್ಟಳು. ಬೇಕೆಂದಾಗಲೆಲ್ಲ ಕಾರು ಅದಲುಬದಲು ಮಾಡಿಕೊಂಡು ಓಡಿಸುವುದು ನಮ್ಮಲ್ಲಿ ರೂಢಿಯಾಗಿರುವುದರಿಂದ, ಯಾವ ಗೇರ್‌ಬಾಕ್ಸ್ ಎಷ್ಟು ಕುಡಿಯುತ್ತದೆ ಎಂಬುದರ ಜೊತೆಗೆ ಯಾರ ಕಾಲು ಎಷ್ಟು ಕುಡಿಸುತ್ತದೆ ಎಂಬುದೂ ಗೊತ್ತಾಗುತ್ತಾ ಬಂದಿದೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ ಮ್ಯಾನ್ಯುಯಲ್ಲೇ ಸರಿ, ಕೊಂಡದ್ದಕ್ಕೆ ಇವತ್ತಿಗೂ ಸಮಾಧಾನವಿದೆ. ಆದರೆ ಅದೇ ಸಲಹೆಯನ್ನು ತಂಗಿಗೆ ಕೊಡಲಾರೆ, ಮತ್ತು ಅದಕ್ಕೆ ಕಾರಣ ಅವಳ ಎಡಗಾಲಲ್ಲ, ಬಲಗಾಲು.

ಎಎಂಟಿ ಎಂದರೆ ಬೇರೆಯೇ ಜಾತಿಯ ಗೇರ್‌ಬಾಕ್ಸ್ ಅಲ್ಲ. ಒಳಗಿರುವುದು ಅದೇ ಮ್ಯಾನ್ಯುಯಲ್ ಗೇರ್‌ಗಳು, ಅದೇ ಒಂದು ಕ್ಲಚ್. ನಮ್ಮ ಕೈಕಾಲು ಮಾಡುವ ಕೆಲಸವನ್ನು ಒಂದು ಕಂಪ್ಯೂಟರಿನ ಅಪ್ಪಣೆಯಂತೆ ಆಕ್ಚುಯೇಟರ್‌ಗಳೆಂಬ ಸಣ್ಣ ಯಂತ್ರಗಳು ಮಾಡುತ್ತವೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ಭಾರತದ ಸಣ್ಣ ಕಾರುಗಳಿಗೆ ಬಂದಿತು. ಎಂಜಿನ್ನಿನ ಶಕ್ತಿಯನ್ನು ದ್ರವದ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಹಳೆಯ ಆಟೋಮ್ಯಾಟಿಕ್‌ಗಳ ಹಾಗೆ ಇದು ದ್ರವದಲ್ಲಿ ಶಕ್ತಿಯನ್ನು ಕಳೆಯುವುದಿಲ್ಲವಾದ್ದರಿಂದ, ಕಾಗದದ ಮೇಲೆ ಮೈಲೇಜು ಕಡಿಮೆಯಾಗಲು ಕಾರಣವೇ ಇಲ್ಲ. ನಿಜ ಹೇಳಬೇಕೆಂದರೆ ಕಾಗದದಲ್ಲಿ ಅದು ಹೆಚ್ಚೇ ಇರುತ್ತದೆ. 2024ರಲ್ಲಿ ಬಂದ ಸ್ವಿಫ್ಟ್‌ನ ಘೋಷಿತ ಮೈಲೇಜು ಲೀಟರಿಗೆ ಮ್ಯಾನ್ಯುಯಲ್‌ಗೆ 24.80, ಎಎಂಟಿಗೆ 25.75 ಕಿಲೋಮೀಟರ್. ನಮ್ಮ ಕಾರುಗಳು ಅದಲ್ಲ, ಆದರೆ ಇಂಥದೇ ಲೆಕ್ಕವನ್ನು ಶೋರೂಮಿನಲ್ಲಿ ನಮಗೂ ತೋರಿಸಿದ್ದರು.

ಈ ಅಂಕಿ ಸುಳ್ಳಲ್ಲ, ಬೇರೆ ಲೋಕದ್ದು. ಪರೀಕ್ಷೆ ನಡೆಯುವುದು ರೋಲರುಗಳ ಮೇಲೆ, ಎಸಿ ಆರಿಸಿ, ಸೆಕೆಂಡ್ ಸೆಕೆಂಡಿಗೂ ಮೊದಲೇ ಗೊತ್ತಿರುವ ವೇಗದ ನಕ್ಷೆಯ ಪ್ರಕಾರ, ಗಂಟೆಗೆ 90 ಕಿಲೋಮೀಟರ್ ಮೀರದಂತೆ. ಅಲ್ಲಿ ಅಡ್ಡ ಬರುವ ಆಟೋ ಇಲ್ಲ, ಹಿಂದಿನಿಂದ ಹಾರ್ನ್ ಹೊಡೆಯುವವರಿಲ್ಲ. ನಿಧಾನವಾಗಿ ವೇಗ ಹೆಚ್ಚಿಸುವ ಕಾರಿನಲ್ಲಿ ಕಂಪ್ಯೂಟರ್ ಬೇಗ ಬೇಗನೆ ಮೇಲಿನ ಗೇರಿಗೆ ಹೋಗುತ್ತದೆ, ಅಂಕಿ ಚೆನ್ನಾಗಿ ಬರುತ್ತದೆ. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿಗೆ ದಿನಾ ಹೋಗಿಬರುವ ನಮಗೆ ಆ ನಕ್ಷೆಯ ಉಪಯೋಗ ಅಷ್ಟಕ್ಕಷ್ಟೆ.

ನಾನು ಅಳೆಯುವುದು ಟ್ಯಾಂಕಿನಿಂದ ಟ್ಯಾಂಕಿಗೆ: ಒಂದೇ ಬಂಕಿನಲ್ಲಿ, ನಾಝಲ್ ಮೊದಲ ಸಲ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೀಟರಿನ ಪರದೆ ತೋರಿಸುವ ಮೈಲೇಜು ಎರಡು ಕಾರುಗಳಲ್ಲೂ ಇದಕ್ಕಿಂತ ಒಂದು ಕಿಲೋಮೀಟರ್ ಅಥವಾ ಅದಕ್ಕೂ ತುಸು ಹೆಚ್ಚೇ ಇರುತ್ತದೆ. ಹೋಲಿಸಲು ಅದು ಸಾಕು, ನಂಬಲು ಸಾಲದು. ಹಾಗೆ ಅಳೆದಾಗ ನಗರದೊಳಗೆ ನನ್ನ ಕೈಯಲ್ಲಿ ಮ್ಯಾನ್ಯುಯಲ್ ಲೀಟರಿಗೆ ಹದಿನಾರರ ಆಸುಪಾಸು, ಎಎಂಟಿ ಹದಿನಾಲ್ಕೂವರೆಯ ಆಸುಪಾಸು ಕೊಡುತ್ತದೆ.

ಈ ಒಂದೂವರೆ ಕಿಲೋಮೀಟರ್ ಎಲ್ಲಿ ಸೋರಿಹೋಗುತ್ತದೆ ಎಂದು ಹುಡುಕುತ್ತಾ ಹೋದರೆ ಸಿಗುವುದು ಒಂದೇ ಜಾಗ: ಗಂಟೆಗೆ ಹತ್ತರಿಂದ ಇಪ್ಪತ್ತೈದು ಕಿಲೋಮೀಟರಿನ ನಡುವಿನ ವೇಗ. ಔಟರ್ ರಿಂಗ್ ರಸ್ತೆಯಲ್ಲಿ ಸಂಜೆ ಕಾರು ನಿಲ್ಲುವುದೂ ಇಲ್ಲ, ಓಡುವುದೂ ಇಲ್ಲ, ತೆವಳುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಇದಕ್ಕೆ ನನ್ನದೊಂದು ಅಭ್ಯಾಸವಿದೆ. ಮುಂದಿನ ಕಾರಿಗೆ ಎರಡು ಕಾರಿನಷ್ಟು ಜಾಗ ಬಿಟ್ಟು, ಎರಡನೇ ಗೇರಿನಲ್ಲಿ, ಆಕ್ಸಿಲರೇಟರನ್ನು ಮುಟ್ಟದೆಯೇ ಬಿಡುತ್ತೇನೆ. ಐಡಲ್ ವೇಗದಲ್ಲೇ ಎಂಜಿನ್ ಕಾರನ್ನು ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರಿನಲ್ಲಿ ಎಳೆದುಕೊಂಡು ಹೋಗುತ್ತದೆ. ಮುಂದಿನವರು ಬ್ರೇಕ್ ಹೊಡೆದು, ನಿಂತು, ಮತ್ತೆ ಹೊರಡುವಷ್ಟರಲ್ಲಿ ನಾನು ಬಿಟ್ಟ ಜಾಗ ಕರಗಿರುತ್ತದೆ, ನನ್ನ ಕಾರು ಮಾತ್ರ ನಿಂತಿರುವುದಿಲ್ಲ. ಆ ಜಾಗಕ್ಕೆ ಬೈಕುಗಳು ನುಗ್ಗುತ್ತವೆ, ನುಗ್ಗಲಿ. ಅವು ಹಾಗೆಯೇ ಮುಂದಕ್ಕೆ ನುಸುಳಿಯೂ ಹೋಗುತ್ತವೆ. ಸಾವಿರ ಕಿಲೋಗ್ರಾಂಗೆ ಹತ್ತಿರದ ಲೋಹವನ್ನು ಸೊನ್ನೆಯಿಂದ ಮತ್ತೆ ಮತ್ತೆ ಎಬ್ಬಿಸಬೇಕಾದ ಖರ್ಚು ತಪ್ಪಿತಲ್ಲ, ಲಾಭ ಅದು.

ಎಎಂಟಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ವೇಗ ಹನ್ನೆರಡರ ಕೆಳಗೆ ಇಳಿದರೆ ಅದು ನನ್ನನ್ನು ಕೇಳದೆ ಒಂದನೇ ಗೇರಿಗೆ ಬರುತ್ತದೆ. ಮುಂದೆ ದಾರಿ ತೆರೆದಾಗ ಆಕ್ಸಿಲರೇಟರ್ ಒತ್ತಿದರೆ ಒಂದನೇ ಗೇರಿನಲ್ಲೇ ಎಂಜಿನ್ ಅರಚುತ್ತಾ ಎರಡು ಸಾವಿರ ಆರ್‌ಪಿಎಂ ದಾಟುತ್ತದೆ, ಆಮೇಲೆ ಎರಡನೇ ಗೇರಿಗೆ ಹೋಗುವ ಕ್ಷಣದಲ್ಲಿ ಕ್ಲಚ್ ಬಿಟ್ಟು ಹಿಡಿಯುವಾಗ ಎಳೆತ ಒಮ್ಮೆ ಸತ್ತಂತಾಗುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಮನುಷ್ಯನ ಕಾಲು ಸಹಜವಾಗಿ ಮಾಡುವುದೇನೆಂದರೆ ಇನ್ನಷ್ಟು ಒತ್ತುವುದು. ಹಾಗೆ ಒತ್ತಿದ್ದನ್ನು ಕಂಪ್ಯೂಟರ್ ಅವಸರವೆಂದು ಓದಿಕೊಂಡು ಮುಂದಿನ ಗೇರನ್ನು ಇನ್ನೂ ತಡಮಾಡುತ್ತದೆ. ಅಷ್ಟರಲ್ಲಿ ಮುಂದಿನ ಕಾರಿನ ಕೆಂಪು ದೀಪ ಹತ್ತುತ್ತದೆ, ನಾವು ಬ್ರೇಕ್ ಒತ್ತುತ್ತೇವೆ, ಅರಚಿ ಗಳಿಸಿದ ವೇಗವೆಲ್ಲ ಬ್ರೇಕಿನಲ್ಲಿ ಶಾಖವಾಗಿ ಹೋಗುತ್ತದೆ. ಇದು ಸಂಜೆಯುದ್ದಕ್ಕೂ ನಡೆಯುವ ವ್ಯವಹಾರ.

ಇದಕ್ಕೆ ಮದ್ದಿಲ್ಲವೆಂದಲ್ಲ. ಗೇರ್ ಬದಲಾಗಬೇಕೆನಿಸಿದ ಕ್ಷಣದಲ್ಲಿ ಕಾಲನ್ನು ಕೂದಲೆಳೆಯಷ್ಟು ಹಿಂದಕ್ಕೆ ತೆಗೆದರೆ ಎಎಂಟಿ ತಕ್ಷಣ ಮೇಲಿನ ಗೇರಿಗೆ ಹೋಗುತ್ತದೆ, ಎಳೆತ ಸಾಯುವುದೂ ಗೊತ್ತಾಗುವುದಿಲ್ಲ. ಎಎಂಟಿ ಓಡಿಸಿ ಪಳಗಿದವರೆಲ್ಲ ಹೇಳುವ ಮಾತಿದು, ನಿಜವೂ ಹೌದು. ನನಗೆ ಹದಿನಾಲ್ಕೂವರೆ ಸಿಗುತ್ತಿರುವುದೇ ಇದರಿಂದ. ಆದರೆ ಹೀಗೆ ಕಾಲಿನಲ್ಲಿ ಸಂಜ್ಞೆ ಮಾಡುತ್ತಾ ಗೇರನ್ನು ಬೇಡಿಕೊಳ್ಳುವುದಕ್ಕಿಂತ ಕೈಯಲ್ಲಿ ಹಾಕಿಕೊಳ್ಳುವುದೇ ವಾಸಿ ಎಂದು ನನಗನ್ನಿಸುತ್ತದೆ. ಏರಿನ ಮೇಲಂತೂ ಬೇಸರ ಇನ್ನೂ ಹೆಚ್ಚು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ 2024ರಲ್ಲಿ ತೆರೆದ ಡಬಲ್ ಡೆಕ್ಕರ್ ಮೇಲ್ಸೇತುವೆಯ ಏರಿನಲ್ಲಿ ವಾಹನಗಳು ಸಾಲುಗಟ್ಟಿದಾಗ, ಬ್ರೇಕ್ ಒತ್ತದೆ ಆಕ್ಸಿಲರೇಟರಿನ ಮೇಲೆಯೇ ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಅರೆಬರೆ ಹಿಡಿದುಕೊಂಡು ಉಜ್ಜುತ್ತದೆ. ಪೆಟ್ರೋಲೂ ಹೋಗುತ್ತದೆ, ಕ್ಲಚ್ಚೂ ಸವೆಯುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಹಾಫ್ ಕ್ಲಚ್ ಹಿಡಿದರೆ ನಮ್ಮ ಪಾದಕ್ಕೇ ಗೊತ್ತಾಗುತ್ತದೆ. ಎಎಂಟಿಯಲ್ಲಿ ಆ ಉಜ್ಜಾಟ ನಮ್ಮ ಅರಿವಿಗೆ ಬರುವುದೇ ಇಲ್ಲವಾದ್ದರಿಂದ, ಏರಿನಲ್ಲಿ ನಿಲ್ಲುವುದಿದ್ದರೆ ಬ್ರೇಕ್ ಒತ್ತಿಯೇ ನಿಲ್ಲಬೇಕು.

ಇನ್ನು ತಂಗಿಯ ಕಾಲಿನ ವಿಷಯ. ಅವಳು ಒಳ್ಳೆಯ ಚಾಲಕಿ, ಆದರೆ ಅವಸರದವಳು. ಮ್ಯಾನ್ಯುಯಲ್ಲಿನಲ್ಲಿ ಎರಡನೇ ಗೇರಿನಲ್ಲೇ ನಲವತ್ತು ಮುಟ್ಟಿಸುತ್ತಾಳೆ, ಹಸಿರು ದೀಪ ಕಂಡರೆ ಓಡಿಸುತ್ತಾಳೆ, ಅದು ಕೆಂಪಾದರೆ ಕೊನೆಯವರೆಗೂ ಹೋಗಿ ಬ್ರೇಕ್ ಹೊಡೆಯುತ್ತಾಳೆ. ನನ್ನ ಕಾರು ಅವಳ ಕೈಗೆ ಹೋದ ವಾರಗಳಲ್ಲಿ ಮೈಲೇಜು ಹನ್ನೆರಡೂವರೆಗೆ ಕುಸಿಯುತ್ತದೆ. ಅದೇ ಕಾಲು ಎಎಂಟಿಯಲ್ಲಿ ಹದಿಮೂರೂವರೆ ತೆಗೆಯುತ್ತದೆ! ಮೊದಮೊದಲು ಇದು ನನಗೆ ವಿಚಿತ್ರವಾಗಿ ಕಂಡಿತು, ಆದರೆ ಯೋಚಿಸಿದರೆ ಸರಳ. ಸಿಗ್ನಲ್ ದೂರದಲ್ಲಿ ಕೆಂಪಾದದ್ದನ್ನು ಕಂಡು ಕಾಲು ತೆಗೆಯುವ ಬುದ್ಧಿ ಎಎಂಟಿಗಿಲ್ಲ. ಆದರೆ ಮರೆತು ಎರಡನೇ ಗೇರಿನಲ್ಲೇ ಉಳಿಯುವ ಚಾಳಿಯೂ ಅದಕ್ಕಿಲ್ಲ. ತಾಳ್ಮೆಯುಳ್ಳವನ ಗಳಿಕೆಯನ್ನು ಅದು ಸ್ವಲ್ಪ ಕಿತ್ತುಕೊಳ್ಳುತ್ತದೆ, ಅವಸರದವಳ ನಷ್ಟವನ್ನು ಸ್ವಲ್ಪ ತುಂಬಿಕೊಡುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವುದೆಂದರೆ ಮ್ಯಾನ್ಯುಯಲ್ಲಿನಲ್ಲಿ ನನ್ನ ಮತ್ತು ಅವಳ ನಡುವಿನ ವ್ಯತ್ಯಾಸ ಸುಮಾರು ಹದಿನೇಳು ಲೀಟರ್. ಎಎಂಟಿಯಲ್ಲಿ ಅದು ಐದು ಲೀಟರಿಗೆ ಇಳಿಯುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿರುವ ಪೆಟ್ರೋಲಿನಲ್ಲಿ ಇದು ಸಣ್ಣ ಮಾತಲ್ಲ. ಗೇರ್‌ಬಾಕ್ಸಿನ ಬಗ್ಗೆ ಚರ್ಚಿಸುವವರು ಈ ಕಾಲಿನ ಲೆಕ್ಕವನ್ನು ಬಿಟ್ಟೇ ಚರ್ಚಿಸುತ್ತಾರೆ.

ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸುವ ವಿಷಯದಲ್ಲಿ ಎರಡೂ ಕಾರು ಒಂದೇ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿದ್ದರೆ ಆರಿಸುವುದೇ ಲಾಭ. ಬೇಸಿಗೆಯಲ್ಲಿ ಎಸಿ ನಿಂತು ಬೆವರುವುದನ್ನು ಸಹಿಸುವ ಶಕ್ತಿ ನನಗಿದೆ, ತಂಗಿಗಿಲ್ಲ.

ಊರಾಚೆ ಹೋದಮೇಲೆ ಗೇರ್‌ಬಾಕ್ಸಿನ ಜಗಳವೇ ಮುಗಿಯುತ್ತದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಕಾರುಗಳೂ ಐದನೇ ಗೇರಿಗೆ ಬಿದ್ದಮೇಲೆ ಟೋಲ್ ಬರುವವರೆಗೆ ಗೇರ್ ಬದಲಿಸುವ ಪ್ರಸಂಗವೇ ಅಪರೂಪ. ಅಲ್ಲಿ ಮೈಲೇಜನ್ನು ನಿರ್ಧರಿಸುವುದು ವೇಗವೊಂದೇ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಪಾಲು, ಗಾಳಿಯ ತಡೆ ಹೆಚ್ಚುವುದು ಶೇಕಡ 56. ಎರಡೂ ಕಾರುಗಳು 80ರಲ್ಲಿ ಲೀಟರಿಗೆ ಇಪ್ಪತ್ತೆರಡರ ಹತ್ತಿರ ಕೊಟ್ಟರೆ, ಅಲ್ಲಿನ ಮಿತಿಯಾದ 100ರಲ್ಲಿ ಹದಿನೆಂಟಕ್ಕೆ ಇಳಿಯುತ್ತವೆ. ಸುಮಾರು 118 ಕಿಲೋಮೀಟರಿನ ಆ ದಾರಿಯಲ್ಲಿ 100ರಲ್ಲಿ ಹೋದವರಿಗೆ ಉಳಿಯುವುದು ಹದಿನೇಳು ಹದಿನೆಂಟು ನಿಮಿಷ, ಖರ್ಚಾಗುವುದು ಒಂದು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲು. ಆ ನಿಮಿಷಗಳನ್ನು ನಾನು ಬಿಡದಿಯ ತಟ್ಟೆ ಇಡ್ಲಿಗೇ ಕಳೆಯುವವನಾದ್ದರಿಂದ 80ರಲ್ಲೇ ಎಡಕ್ಕೆ ಸರಿದು ಹೋಗುತ್ತೇನೆ.

ಘಟ್ಟದ ಮಾತು ಬೇರೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಗುಂಡ್ಯದ ಕಡೆಗೆ ಇಳಿಯುವಾಗ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವವರು ಈಗಲೂ ಇದ್ದಾರೆ. ಕಾರ್ಬ್ಯುರೇಟರ್ ಕಾಲದ ಈ ಅಭ್ಯಾಸಕ್ಕೆ ಈಗ ಅರ್ಥವಿಲ್ಲ. ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಈಗಿನ ಫ್ಯೂಯಲ್ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್ ಹಾಕಿದ ಹಾಗೇ ಕಾಲು ತೆಗೆದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವುದರಿಂದ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಐಡಲ್‌ನಲ್ಲಿ ಓಡುತ್ತಿರಬೇಕಾದ್ದರಿಂದ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ, ಜೊತೆಗೆ ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಮೂರನೇ ಗೇರ್ ಹಾಕಿ ಕಾಲು ತೆಗೆದು ಕುಳಿತರೆ ಆಯಿತು. ಎಎಂಟಿಯನ್ನು ತಾನೇ ಗೇರ್ ಬದಲಿಸುವ ‘ಡಿ’ಯಲ್ಲಿ ಬಿಟ್ಟರೆ, ಕಾಲು ತೆಗೆದದ್ದನ್ನು ಕಂಡು ಅದು ನಾಲ್ಕಕ್ಕೋ ಐದಕ್ಕೋ ಏರಿ ಕಾರನ್ನು ಸಡಿಲ ಬಿಡುತ್ತದೆ, ಬ್ರೇಕಿನಿಂದ ವಾಸನೆ ಬರುವಂತಾಗುತ್ತದೆ. ಹತ್ತುವಾಗಲೂ ಅಷ್ಟೆ: ಮುಂದಿನ ಟ್ಯಾಂಕರ್ ನಿಧಾನವಾಯಿತೆಂದು ಕಾಲು ತೆಗೆದರೆ ಮೇಲಿನ ಗೇರಿಗೆ ಹೋಗುತ್ತದೆ, ಒತ್ತಿದರೆ ತಡವರಿಸಿ ಕೆಳಗಿಳಿಯುತ್ತದೆ. ಲಿವರನ್ನು ‘ಎಂ’ಗೆ ಎಳೆದು ಗೇರನ್ನು ನಾವೇ ಹಾಕಿದರೆ ಎರಡೂ ತೊಂದರೆ ತಪ್ಪುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡ ಎಎಂಟಿಯನ್ನು ಘಟ್ಟದಲ್ಲಿ ಮ್ಯಾನ್ಯುಯಲ್ ಮಾಡಿಕೊಂಡು ಓಡಿಸಬೇಕು ಎಂದಾಗ ತಂಗಿ ನನ್ನ ಮುಖ ನೋಡಿದ ರೀತಿ ಬೇರೆ ಮಾತು.

ಉಳಿದ ಸಂಗತಿಗಳು ಎರಡಕ್ಕೂ ಸಮಾನ. ಎಸಿ ನಗರದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ತಿನ್ನುತ್ತದೆ. ಟೈರಿನ ಗಾಳಿ ತಿಂಗಳಿಗೊಮ್ಮೆ, ಟೈರು ತಣ್ಣಗಿದ್ದಾಗ ನೋಡಿಕೊಳ್ಳಬೇಕು. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್. ಲೀಟರ್ ಎಥನಾಲಿನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ, ಆದ್ದರಿಂದ ಹಳೆಯ ಡೈರಿಯ ಅಂಕಿಗಳ ಜೊತೆ ಇಂದಿನವನ್ನು ಹೋಲಿಸಿ ಕಾರು ಕೆಟ್ಟಿತೆಂದು ಗಾಬರಿಯಾಗಬಾರದು.

ನನ್ನ ಲೆಕ್ಕದಲ್ಲಿ ಎಎಂಟಿ ಕೊಂಡಿದ್ದರೆ ಮೊದಲಿಗೆ ಐವತ್ತು ಸಾವಿರ, ಆಮೇಲೆ ತಿಂಗಳಿಗೆ ಆರೇಳುನೂರು ರೂಪಾಯಿಯ ಪೆಟ್ರೋಲು ಹೆಚ್ಚಾಗುತ್ತಿತ್ತು. ಕ್ಲಚ್ ಒತ್ತುವುದು ನನಗೆ ಹೊರೆಯಲ್ಲ, ದೂರದ ಸಿಗ್ನಲ್ ನೋಡಿ ಕಾಲು ತೆಗೆಯುವುದು ಒಂದು ಬಗೆಯ ಆಟವೇ ಆಗಿಬಿಟ್ಟಿದೆ. ಇಂಥವರಿಗೆ ಮ್ಯಾನ್ಯುಯಲ್ ಬಿಟ್ಟು ಬೇರೆ ಹೇಳಲಾರೆ. ಅವಸರದ ಕಾಲಿನವರಿಗೆ, ಮಂಡಿನೋವಿನವರಿಗೆ, ಒಂದೇ ಕಾರನ್ನು ಮನೆಯ ನಾಲ್ಕು ಜನ ನಾಲ್ಕು ರೀತಿಯಲ್ಲಿ ಓಡಿಸುವವರಿಗೆ ಎಎಂಟಿಯೇ ಸರಿ, ಆ ಐವತ್ತು ಸಾವಿರ ದಂಡವಲ್ಲ. ಕೊಳ್ಳುವ ಮುಂಚೆ ಮಾತ್ರ ಶೋರೂಮಿನವರು ಕರೆದೊಯ್ಯುವ ಖಾಲಿ ರಸ್ತೆಯಲ್ಲಿ ಓಡಿಸಿ ತೃಪ್ತರಾಗದೆ, ಸಂಜೆ ಆರೂವರೆಗೆ ಟೆಸ್ಟ್ ಡ್ರೈವ್ ಕೇಳಿ, ಹತ್ತಿರದ ಯಾವುದಾದರೂ ಮೇಲ್ಸೇತುವೆಯ ಏರಿನಲ್ಲಿ ಸಾಲಿನ ನಡುವೆ ಒಮ್ಮೆ ಸಿಕ್ಕಿಕೊಂಡು ನೋಡಿ.