ಯಾಕೋಬನ ಬಾವಿಯೋ, ಮರಿಯಳ ಬಾವಿಯೋ?

ಪವಿತ್ರ ನಾಡಿನ (ಇಸ್ರೇಲ್–ಪ್ಯಾಲೆಸ್ಟೈನ್) ಯಾತ್ರೆಯಲ್ಲಿ ಒಂದೇ ಬಾವಿಗೆ ಸಮಯ ಇದೆ ಅಂದರೆ ನಾನು ಯಾಕೋಬನ ಬಾವಿಯನ್ನೇ ಹೇಳುತ್ತೇನೆ. ಇದು ಪ್ಯಾಲೆಸ್ಟೈನಿನ ಪಶ್ಚಿಮ ದಂಡೆಯ ನಾಬ್ಲುಸ್ ಊರಿನಲ್ಲಿದೆ. ಗ್ರೀಕ್ ಆರ್ಥೊಡಾಕ್ಸ್ ಚರ್ಚಿನ ಒಳಗೆ ಮೆಟ್ಟಿಲಿಳಿದು ಹೋಗಬೇಕು. ಆಳ ಸುಮಾರು 40 ಮೀಟರ್. ಸುರಿದ ನೀರು ತಳ ಮುಟ್ಟಿದ ಸದ್ದು ಕೇಳಲು ಸ್ವಲ್ಪ ಕಾಯಬೇಕು! ಬೈಬಲಿನ ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಇದೇ ಬಾವಿಯ ಬಳಿ ಸಮಾರ್ಯದ ಹೆಂಗಸು ಯೇಸುವಿಗೆ ‘ಬಾವಿ ಆಳ, ಸೇದಲು ನಿನ್ನ ಹತ್ತಿರ ಏನೂ ಇಲ್ಲವಲ್ಲ’ ಎನ್ನುತ್ತಾಳೆ. ಅಲ್ಲಿ ಬಗ್ಗಿ ನೋಡಿದರೆ ಆ ಮಾತು ಸುಮ್ನೆ ಅಲ್ಲ ಅಂತ ಗೊತ್ತಾಗುತ್ತದೆ. ತೊಂದರೆ ದಾರಿಯದು: ಚೆಕ್‌ಪೋಸ್ಟ್‌ಗಳಿವೆ, ಪರಿಸ್ಥಿತಿ ವಿಚಾರಿಸಿಕೊಂಡೇ ಹೊರಡಿ. ಹೋದವರು ನಾಬ್ಲುಸ್‌ನ ಕುನಾಫೆ ಸಿಹಿ ತಿನ್ನದೆ ಬರಬೇಡಿ.

ಇಸ್ರೇಲಿನ ನಜರೇತಿನಲ್ಲಿರುವ, ಯೇಸುವಿನ ತಾಯಿ ಮರಿಯಳ ಹೆಸರಿನ ಬಾವಿಗೆ ಹೋಗುವುದು ಸುಲಭ, ಊರ ನಡುವೆಯೇ ಇದೆ. ಊರಿನ ಹೆಂಗಸರು ತಲೆತಲಾಂತರದಿಂದ ಕೊಡ ತುಂಬಿಸಿಕೊಂಡ ಜಾಗ. ಆದರೆ ಈಗ ಕಾಣುವ ಕಲ್ಲಿನ ಕಟ್ಟಡ 20ನೇ ಶತಮಾನದ ಮರುನಿರ್ಮಾಣ. ನಿಜವಾದ ಒರತೆ ನೋಡಬೇಕಾದರೆ ಹತ್ತಿರದ ಸಂತ ಗೇಬ್ರಿಯಲ್ ಚರ್ಚಿಗೆ ಹೋಗಿ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಮರಿಯಳ ಬಾವಿಯೇ ಸರಿ.