ಬೆಲ್ಲದ ಮಂಡಿಗೆ ಗೂಗಲ್ ಕಾಂಟ್ಯಾಕ್ಟ್ಸ್: ಅಂಗಡಿಯ ನಂಬರು ಅಂಗಡಿಯಲ್ಲೇ ಉಳಿಯಬೇಕಾದರೆ

ಮಂಡ್ಯದ ಬೆಲ್ಲದ ಮಂಡಿಗಳಲ್ಲಿ ಆಲೆಮನೆಯವರ, ಲಾರಿಯವರ, ಹಮಾಲಿ ಮೇಸ್ತ್ರಿಗಳ, ಗುಜರಾತಿನ ಖರೀದಿದಾರರ ನಂಬರೆಲ್ಲ ಹೆಚ್ಚಾಗಿ ಯಾರೋ ಒಬ್ಬ ಗುಮಾಸ್ತರ ಸ್ವಂತ ಫೋನಿನಲ್ಲಿರುತ್ತವೆ. ಅವರು ಊರಹಬ್ಬಕ್ಕೆ ಹೋದ ದಿನ ಲೋಡು ಎಲ್ಲಿಗೆ ಬಂತು ಎಂದು ಕೇಳಲು ಡ್ರೈವರ್ ನಂಬರೇ ಸಿಗುವುದಿಲ್ಲ. ಕೆಲಸ ಬಿಟ್ಟರಂತೂ ವರ್ಷಗಳ ಗಿರಾಕಿ ಪಟ್ಟಿಯೇ ಅವರ ಜೊತೆ ಹೊರಟುಹೋಗುತ್ತದೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ನಾಲ್ಕೈದು ಫೋನಿರುವ ಅಂಗಡಿಗೆ, ನಂಬರುಗಳನ್ನು ಗೂಗಲ್ ಖಾತೆಯಲ್ಲಿ ಉಳಿಸಿಡುವ ಗೂಗಲ್ ಕಾಂಟ್ಯಾಕ್ಟ್ಸ್ ಧಾರಾಳವಾಗಿ ಸಾಕು, ಕಾಸೂ ಖರ್ಚಿಲ್ಲ. ಆದರೆ ಹೊಂದಿಸುವ ಕ್ರಮ ತಪ್ಪಿದರೆ ಉಪಕಾರಕ್ಕಿಂತ ಕಾಟವೇ ಹೆಚ್ಚು.

ಮಾಲೀಕರ ಸ್ವಂತ ಜಿಮೇಲ್ ಇದಕ್ಕೆ ಬೇಡವೇ ಬೇಡ. ಆ ಖಾತೆ ಇನ್ನೊಬ್ಬರ ಫೋನಿಗೆ ಹೋದರೆ ಮೇಲ್, ಫೋಟೋ, ಡ್ರೈವ್ ಎಲ್ಲವೂ ಅವರ ಕೈಗೆ ಹೋದ ಹಾಗೆ. ಫೋನ್ ಪುಸ್ತಕಕ್ಕೆಂದೇ ಹೊಸ ಖಾತೆ ತೆರೆದು, ಎರಡು ಹಂತದ ಪರಿಶೀಲನೆಯನ್ನು ಮಾಲೀಕರ ನಂಬರಿಗೆ ಕಟ್ಟಿ, ಎಲ್ಲರ ಆಂಡ್ರಾಯ್ಡ್ ಫೋನಿಗೂ ಎರಡನೇ ಖಾತೆಯಾಗಿ ಸೇರಿಸಿ. ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯ ‘ಅಕೌಂಟ್ ಸಿಂಕ್’ (ಖಾತೆಯಲ್ಲಿರುವುದನ್ನು ಫೋನಿನ ಜೊತೆ ಸರಿಹೊಂದಿಸುವ ವ್ಯವಸ್ಥೆ) ತೆರೆದು ಕಾಂಟ್ಯಾಕ್ಟ್ಸ್ ಒಂದನ್ನೇ ಆನ್ ಇಟ್ಟು ಉಳಿದದ್ದನ್ನೆಲ್ಲ ಆಫ್ ಮಾಡಿ. ಗುಮಾಸ್ತರ ಮನೆಯವರ ನಂಬರು ಅವರ ಖಾತೆಯಲ್ಲೇ ಇರುತ್ತದೆ, ಅಂಗಡಿಯ ನಂಬರು ಅಂಗಡಿಯ ಖಾತೆಯಲ್ಲಿ. ಆದರೆ ಫೋನ್ ಬಂದಾಗ ಎರಡೂ ಕಡೆಯ ಹೆಸರು ಕಾಣುತ್ತದೆ.

ಎಡವಟ್ಟು ಆಗುವುದು ಹೊಸ ನಂಬರು ಸೇವ್ ಮಾಡುವಾಗ. ಅದು ಯಾವ ಖಾತೆಗೆ ಹೋಗಬೇಕೆಂದು ಫೋನು ಕೇಳುತ್ತದೆ, ಇಲ್ಲವೇ ಹಿಂದಿನ ಆಯ್ಕೆಯನ್ನೇ ಹಿಡಿದುಕೊಳ್ಳುತ್ತದೆ. ‘ಡಿವೈಸ್’ ಅಥವಾ ‘ಸಿಮ್’ ಎಂದು ಹೋದ ನಂಬರು ಬೇರೆ ಫೋನಿಗೆ ಬರುವುದೇ ಇಲ್ಲ. ಅದರಲ್ಲೂ ಸಿಮ್‌ನಲ್ಲಿ ಹೆಸರಿಗೆ ಜಾಗ ಕಡಿಮೆ, ಕನ್ನಡ ಅಕ್ಷರದಲ್ಲಿ ಬರೆದರೆ ಇನ್ನೂ ಬೇಗ ತುಂಬುತ್ತದೆ. ಕಾಂಟ್ಯಾಕ್ಟ್ಸ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಹೊಸ ನಂಬರಿನ ಡೀಫಾಲ್ಟ್ ಖಾತೆಯನ್ನು ಅಂಗಡಿಯದಕ್ಕೆ ಇಟ್ಟರೆ ಅರ್ಧ ತೊಂದರೆ ಕಳೆಯಿತು.

ಹಳೆಯ ಪಟ್ಟಿಯನ್ನು ಒಟ್ಟಿಗೆ ಏರಿಸುವವರು ಎಕ್ಸೆಲ್‌ನ ಬಗ್ಗೆ ಎಚ್ಚರ ವಹಿಸಲೇಬೇಕು. +91 ಸೇರಿಸಿ ನಂಬರು ಬರೆದರೆ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದು ತಿಳಿದು ಪ್ಲಸ್ ಚಿಹ್ನೆ ತೆಗೆದುಹಾಕುತ್ತದೆ. 12 ಅಂಕಿಯಾದ್ದರಿಂದ 9.19ಇ+11 ಎಂಬ ರೂಪದಲ್ಲಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿ (ಗೂಗಲ್‌ಗೆ ಏರಿಸುವ ಸಾದಾ ಪಟ್ಟಿಯ ಫೈಲು) ಆಗಿ ಉಳಿಸಿದರೆ ಪರದೆಯ ಮೇಲೆ ಕಂಡದ್ದೇ ಫೈಲಿಗೆ ಹೋಗುತ್ತದೆ, ಕೊನೆಯ ಅಂಕಿಗಳು ಮತ್ತೆ ಸಿಗುವುದಿಲ್ಲ. ಆದ್ದರಿಂದ ನಂಬರಿನ ಕಾಲಮ್ಮನ್ನು ಬರೆಯುವ ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಆರಿಸದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಕಾಲಮ್ಮುಗಳ ತಲೆಬರಹವನ್ನು ನಾವೇ ಊಹಿಸಿ ಬರೆಯುವುದಕ್ಕಿಂತ, ಒಂದು ನಂಬರನ್ನು ಕೈಯಾರೆ ಸೇರಿಸಿ, ‘ಎಕ್ಸ್‌ಪೋರ್ಟ್’ ಮಾಡಿ, ಬಂದ ಫೈಲಿನಲ್ಲೇ ಉಳಿದವನ್ನು ತುಂಬುವುದು ಸಲೀಸು. ಒಂದು ಸಲಕ್ಕೆ 3,000 ಹೆಸರು, ಖಾತೆಗೆ ಒಟ್ಟು 25,000. ಯಾವ ಮಂಡಿಗೂ ಇದು ಕಡಿಮೆಯಾಗದು. ಮೊದಲ ಸಲ ಹತ್ತೇ ಹೆಸರು ಏರಿಸಿ ನೋಡಿ.

ಸ್ಥಿರ ದೂರವಾಣಿಯಲ್ಲಿ ಎಲ್ಲರೂ ಮಾಡುವ ತಪ್ಪು ಸೊನ್ನೆಯದು. ಮಂಡ್ಯದ 08232 ಆಗಲಿ ಮೈಸೂರಿನ 0821 ಆಗಲಿ, +91 ಹಾಕಿದ ಮೇಲೆ ಮುಂದಿನ ಸೊನ್ನೆ ಬಿಡಬೇಕು: +91 8232, +91 821. ಕೋಡ್ ಸೇರಿ ಹತ್ತೇ ಅಂಕಿ ಬರಬೇಕು.

ಹೆಸರು ಬರೆಯುವ ರೀತಿ ಒಂದೇ ಇರಲಿ. ಈ ಕಡೆ ಶಿವಣ್ಣ, ಮಂಜಣ್ಣ ಎಂದರೆ ಊರಿಗೆ ನಾಲ್ವರು. ‘ಶಿವಣ್ಣ ಕೀಲಾರ ಆಲೆಮನೆ’, ‘ಮಂಜಣ್ಣ ಬಸರಾಳು ಲಾರಿ’ ಎಂದು ಹೆಸರಿನ ಜಾಗದಲ್ಲೇ ಊರು, ಕೆಲಸ ಎರಡನ್ನೂ ಸೇರಿಸಿ. ‘ಕಂಪನಿ’ ಎಂಬ ಜಾಗದಲ್ಲಿ ಬರೆದದ್ದು ಎಷ್ಟೋ ಫೋನುಗಳಲ್ಲಿ ಕರೆ ಬರುವಾಗ ಕಾಣುವುದೇ ಇಲ್ಲ. ಕನ್ನಡದಲ್ಲಿ ಸೇವ್ ಮಾಡಿದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವ ಅಭ್ಯಾಸ ಇರುವವರಿಗೆ ‘ನಿಕ್‌ನೇಮ್’ ಜಾಗದಲ್ಲಿ ಇಂಗ್ಲಿಷ್ ರೂಪವನ್ನೂ ಹಾಕಿಡಿ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಸೇವ್ ಮಾಡಿದರೆ ಒಂದೇ ಆಸಾಮಿ ಎರಡು ಕಡೆ ಸೇರಿಕೊಂಡು ಪಟ್ಟಿ ಕಲಸಿಹೋಗುತ್ತದೆ.

ಇದರ ದೊಡ್ಡ ಕೊರತೆ ಎಂದರೆ ಒಬ್ಬರು ಅಳಿಸಿದರೆ ಎಲ್ಲರ ಫೋನಿನಿಂದಲೂ ಹೋಗುತ್ತದೆ. ಖಾತೆ ಒಂದೇ ಆದ್ದರಿಂದ ತಿದ್ದಿದವರು ಯಾರೆಂಬ ಲೆಕ್ಕವೂ ಇರುವುದಿಲ್ಲ. ಅಳಿಸಿದ್ದು 30 ದಿನ ‘ಟ್ರ್ಯಾಶ್’ನಲ್ಲಿ ಇರುತ್ತದೆ, ಅಲ್ಲಿಂದ ಒಂದೊಂದನ್ನೇ ವಾಪಸ್ ತರಬಹುದು. ಕಂಪ್ಯೂಟರಿನಲ್ಲಿ ‘ಅಂಡೂ ಚೇಂಜಸ್’ ಒತ್ತಿದರೆ ಇಡೀ ಪಟ್ಟಿ ನಿನ್ನೆಯ ಅಥವಾ ಹೋದ ವಾರದ ಸ್ಥಿತಿಗೆ ಮರಳುತ್ತದೆ. ಆದರೆ ಆ ನಡುವೆ ಸೇರಿಸಿದ ಹೊಸ ನಂಬರುಗಳೂ ಹೋಗುತ್ತವೆ. ಹಾಗಾಗಿ ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿದ ಒಂದು ಪ್ರತಿ ಕಂಪ್ಯೂಟರಿನಲ್ಲಿ ಇರಲೇಬೇಕು.

ವಾಟ್ಸಾಪ್ ಕಡೆಯ ಒಂದು ಸಂಗತಿಯನ್ನು ಗುಮಾಸ್ತರಿಗೆ ಮೊದಲೇ ಹೇಳುವುದು ನ್ಯಾಯ. ಅವರ ಸ್ವಂತ ವಾಟ್ಸಾಪ್‌ಗೆ ಅಂಗಡಿಯ ಗಿರಾಕಿಗಳೆಲ್ಲ ‘ಮೈ ಕಾಂಟ್ಯಾಕ್ಟ್ಸ್’ ಲೆಕ್ಕಕ್ಕೆ ಬರುತ್ತಾರೆ. ಪ್ರೊಫೈಲ್ ಫೋಟೋದಲ್ಲಿ ಮನೆಯ ಮಗುವಿದ್ದರೆ ಅದು ಗೊತ್ತುಗುರಿಯಿಲ್ಲದ ಖರೀದಿದಾರರಿಗೂ ಕಾಣುತ್ತದೆ. ಪ್ರೈವೆಸಿಯಲ್ಲಿ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಆರಿಸಿ ಅವರನ್ನು ಹೊರಗಿಡಬೇಕು. ದರ ಕಳಿಸುವ ಕೆಲಸಕ್ಕೆ ಅಂಗಡಿಯ ನಂಬರಿನಲ್ಲಿ ವಾಟ್ಸಾಪ್ ಬಿಸಿನೆಸ್ ಇರಲಿ. ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ) 256 ಜನರ ಮಿತಿ ಇದೆ. ಅಂಗಡಿಯ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ಮುಟ್ಟುತ್ತದೆ. ಗಿರಾಕಿಗಳನ್ನು ಗುಂಪು ಮಾಡಲು ಹಾಕುವ ಅಲ್ಲಿಯ ಲೇಬಲ್‌ಗೂ ಗೂಗಲ್‌ನ ಲೇಬಲ್‌ಗೂ ಸಂಬಂಧವಿಲ್ಲ, ಎರಡು ಕಡೆಯೂ ಬೇರೆ ಬೇರೆಯಾಗಿ ಹಾಕಬೇಕು.

ಕೆಲಸ ಬಿಡುವವರ ಫೋನಿನಿಂದ ಅಂಗಡಿಯ ಖಾತೆಯನ್ನು ಎದುರಿಗೇ ‘ರಿಮೂವ್ ಅಕೌಂಟ್’ ಮಾಡಿಸಿ. ಆಗ ಆ ಖಾತೆಯ ನಂಬರುಗಳೂ ಫೋನಿನಿಂದ ಹೋಗುತ್ತವೆ, ಅವರ ಸ್ವಂತದವು ಉಳಿಯುತ್ತವೆ. ಬರೀ ಪಾಸ್‌ವರ್ಡ್ ಬದಲಿಸಿದರೆ ಸಿಂಕ್ ನಿಲ್ಲುತ್ತದೆಯೇ ಹೊರತು, ಮೊದಲೇ ಇಳಿದ ನಂಬರುಗಳು ಆ ಫೋನಿನಲ್ಲೇ ಉಳಿಯಬಹುದು. ಎದುರಿಗೆ ತೆಗೆಸಿದ ಮೇಲೆ ಪಾಸ್‌ವರ್ಡನ್ನೂ ಅವತ್ತೇ ಬದಲಿಸಿ.