ತಲೆಗೆ ಪೆಟ್ಟು ಬಿದ್ದ ಮೇಲಿನ ಭಯ: ವಾಚ್, 14416, ಮೂವತ್ತು ರೂಪಾಯಿಯ ನೋಟ್‌ಬುಕ್

ಮಳೆಯಲ್ಲಿ ಹಂಪ್ ಕಾಣದೆ ಸ್ಕೂಟರಿನಿಂದ ಬಿದ್ದೆ. ಹೆಲ್ಮೆಟ್ ಇತ್ತು, ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂತು. ಕನ್ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿದ್ದು, ಆಗಿದೆ, ಒಂದೆರಡು ದಿನ ವಿಶ್ರಾಂತಿ ತಗೊಳ್ಳಿ, ಆಮೇಲೆ ನಿಧಾನಕ್ಕೆ ಓಡಾಡಿ, ತಲೆಸುತ್ತು ಕೆಲವು ವಾರ ಇರಬಹುದು ಎಂದರು ಡಾಕ್ಟರ್. ಆದರೂ ಹಣೆ ಸ್ವಲ್ಪ ಚುಳ್ಳೆಂದರೆ ಸಾಕು, ಒಳಗೆ ರಕ್ತ ಕಟ್ಟಿದೆಯೇನೋ ಎಂಬ ಭಯ. ಅದಕ್ಕೆ ಮೂರು ದಾರಿ ನೋಡಿದೆ. ನನ್ನ ಕೈ ಹಿಡಿದದ್ದು ನೋಟ್‌ಬುಕ್.

ಮೊದಲು ಕೊಂಡದ್ದು ಸ್ಮಾರ್ಟ್‌ವಾಚ್, 5,800 ರೂಪಾಯಿ. ನಾಲ್ಕನೇ ರಾತ್ರಿ ಎಚ್ಚರವಾಗಿ ನೋಡಿದರೆ ರಕ್ತದ ಆಮ್ಲಜನಕ ಶೇ. 86! ಹೆಂಡತಿಯನ್ನು ಎಬ್ಬಿಸಿ ಆಟೋ ಹಿಡಿದು ಕ್ಯಾಶುವಾಲ್ಟಿಗೆ ಓಡಿದೆವು. ಅಲ್ಲಿ ಬೆರಳಿಗೆ ಕ್ಲಿಪ್ ಹಾಕಿದಾಗ 98. ಪಟ್ಟಿ ಸಡಿಲವಾಗಿದ್ದರೆ, ಕೈ ತಣ್ಣಗಿದ್ದರೆ ವಾಚ್ ತಪ್ಪು ತೋರಿಸುತ್ತದೆ ಎಂದರು ಸಿಸ್ಟರ್.

ಮರುದಿನವೇ ಪಟ್ಟಿ ಬಿಗಿ ಮಾಡಿದೆ. ಭಯ ಮಾತ್ರ ಸಡಿಲವಾಗಲಿಲ್ಲ. ಹೆದರಿದರೆ ಎದೆ ಜೋರಾಗಿ ಬಡಿಯುತ್ತದೆ, ವಾಚ್ 104 ಎನ್ನುತ್ತದೆ. ಅದನ್ನು ನೋಡಿ ಇನ್ನೂ ಹೆದರಿಕೆ, ಆಗ 112. ಸೂಚನೆಗಳನ್ನೆಲ್ಲ ಆಫ್ ಮಾಡಿದೆ. ಆದರೂ ಮಣಿಕಟ್ಟು ತಿರುಗಿಸಿದರೆ ಅಂಕಿ ಕಣ್ಣೆದುರೇ ಇರುತ್ತಿತ್ತು. ಇಷ್ಟಕ್ಕೂ ತಲೆಯೊಳಗೆ ರಕ್ತ ಕಟ್ಟಿದೆಯೇ ಎಂದು ಹೇಳುವ ಸೆನ್ಸರ್ ಅದರಲ್ಲಿ ಇಲ್ಲವೇ ಇಲ್ಲ, ಅಲ್ವಾ? ಇದು ನನಗೆ ಹೊಳೆಯಲು ಎರಡು ವಾರ ಬೇಕಾಯಿತು.

14416 ಅಂದರೆ ಟೆಲಿ ಮಾನಸ್. 2022ರಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, ಉಚಿತ, ಇಡೀ ದಿನ, ಕನ್ನಡದಲ್ಲೂ. ಒಮ್ಮೆ ಮಾಡಿದೆ. ಆ ಕಡೆಯವರು ಅವಸರ ಮಾಡದೆ ಕೇಳಿಸಿಕೊಂಡರು. ಚಿಂತೆಗೆ ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ ಎಂದದ್ದು ಅವರೇ.

ಆ ಮಾತಿನಿಂದಲೇ ನೋಟ್‌ಬುಕ್ ಬಂತು. ಮೊದಲ ಪುಟದಲ್ಲಿ ಅಪಾಯದ ಲಕ್ಷಣಗಳು: ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ತೊದಲು ಮಾತು, ಕೈಕಾಲಿನ ಬಲ ಕುಂದುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಎಬ್ಬಿಸಿದರೂ ಏಳದ ನಿದ್ದೆ. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್. ಬೇರೆ ಏನೇ ಅನಿಸಿದರೂ ಒಂದು ಸಾಲು ಬರೆದು ಮುಚ್ಚಿಡುವುದು, ಸಂಜೆ ಆರಕ್ಕೆ ತೆಗೆದು ಹದಿನೈದು ನಿಮಿಷ ಓದುವುದು. ಬೆಳಿಗ್ಗೆ ಬರೆದ ಭಯಗಳಲ್ಲಿ ಅರ್ಧದಷ್ಟು ಸಂಜೆಗೆ ಇರುತ್ತಲೇ ಇರಲಿಲ್ಲ. ಮೂರನೇ ವಾರ ಪುಟ ತಿರುವಿದಾಗ ಇನ್ನೊಂದು ಗೊತ್ತಾಯಿತು: ಲ್ಯಾಪ್‌ಟಾಪ್ ಮುಂದೆ ಜಾಸ್ತಿ ಕೂತ ದಿನಗಳಲ್ಲೇ ತಲೆನೋವು. ಈಗ ಅರ್ಧ ಗಂಟೆಗೊಮ್ಮೆ ಏಳುತ್ತೇನೆ.

ನನಗೆ ಮೊದಲಿನಿಂದಲೂ ಮನೆ ಲೆಕ್ಕ ಬರೆಯುವ ರೂಢಿ ಇದೆ, ಹಾಗಾಗಿ ಪೆನ್ನು ಸುಲಭ. ಸಂಬಳವಿಲ್ಲದ ರಜೆಯಲ್ಲಿ 5,800 ಸಣ್ಣ ಮೊತ್ತವೂ ಅಲ್ಲ. ವಾಚ್ ಈಗ ಭಾವನ ಕೈಯಲ್ಲಿದೆ, ಅವರ ವಾಕಿಂಗ್‌ಗೆ ಚೆನ್ನಾಗಿಯೇ ಆಗುತ್ತಿದೆ.

ನೋಟ್‌ಬುಕ್ ಇಡುವುದಾದರೆ ಪೆನ್ನನ್ನು ದಾರದಿಂದ ಅದಕ್ಕೇ ಕಟ್ಟಿ, ದಿಂಬಿನ ಪಕ್ಕ ಇಡಿ. ರಾತ್ರಿ ಪೆನ್ನು ಹುಡುಕಲು ಹೋಗಿ ಫೋನ್ ಕೈಗೆ ಬರಬಾರದು.